ಅಲೆಮಾರಿಯ ಡೈರಿ: ಪಡುಕೆರೆಯಲ್ಲಿ ಚಾರ್ಜ್ ಮುಗಿಯಿತು!

ಗೆಳೆಯರೇ, ಈ ವಾರ ಸ್ಟುಡಿಯೋ ಸುದ್ದಿ ಇಲ್ಲ, ನಟಿಯ ಸಂದರ್ಶನವೂ ಇಲ್ಲ. ಹೀರೋ ನಾನೇ! ವಾಹನ ಬಾಡಿಗೆ ಎಲೆಕ್ಟ್ರಿಕ್ ಸೈಕಲ್. ಲೊಕೇಷನ್ಗೆ ಮಾತ್ರ ಒಂದು ಪೈಸೆ ಖರ್ಚಿಲ್ಲ: ಉಡುಪಿಯಿಂದ ಮಲ್ಪೆ, ಪಡುಕೆರೆ, ಮಟ್ಟು ದಾಟಿ ಕಾಪು. ಹೋಗಿ ಬರೋದು 40 ಕಿಲೋಮೀಟರ್ ಸುಮಾರು.

ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿಲೋಮೀಟರ್ ಮೀರದಿದ್ದರೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟೂ ಬೇಡ. "ಪೆಡಲ್ ತುಳೀತಾ ಹೋಗಿ, 40 ಬರ್ತದೆ. ಬರೀ ಆಕ್ಸಿಲರೇಟರ್ ತಿರುಗಿಸಿದ್ರೆ ಗ್ಯಾರಂಟಿ ಇಲ್ಲ ಮಾರಾಯ್ರೆ" ಅಂದ ಬಾಡಿಗೆಯವರ ಮಾತು ಈ ಕಿವಿಯಲ್ಲಿ ಬಂತು, ಆ ಕಿವಿಯಲ್ಲಿ ಹೋಯಿತು. ಹೀರೋ ಪೆಡಲ್ ತುಳಿಯೋದುಂಟೇ?

ಮಲ್ಪೆ ಅಂದರೆ ನನಗೆ ಬಂದರಲ್ಲ, 'ಉಳಿದವರು ಕಂಡಂತೆ'. ರಕ್ಷಿತ್ ಶೆಟ್ಟಿಯ ಆ ಚಿತ್ರ ತೆರೆಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಒಂದೇ ಘಟನೆ, ಹೇಳುವವರು ಹಲವರು. ಪಡುಕೆರೆಯ ಗೆಳೆಯನ ಜೊತೆ ಎರಡು ಸಲ ನೋಡಿದೆ. ಆಮೇಲೆ ಪಿ.ಯು.ಸಿ. ರಿಸಲ್ಟ್ ಬಂತು. ನಾನು ಫೇಲ್! "ಸಪ್ಲಿಮೆಂಟರಿಗೆ ಫೀಸ್ ಕಟ್ಟು" ಅಂತ ಅವನು ಎಂಟುನೂರು ರೂಪಾಯಿ ಕೊಟ್ಟ. ಬೋಟಿನಲ್ಲಿ ದುಡಿದ ದುಡ್ಡು. ನಾನು ಅದೇ ರಾತ್ರಿ ಡೈರೆಕ್ಟರ್ ಆಗಲಿಕ್ಕೆ ಬೆಂಗಳೂರು ಬಸ್ ಹತ್ತಿದೆ. ಡೈರೆಕ್ಟರ್ ಆಗಲಿಲ್ಲ. ಅವನಿಗೆ ಮುಖವನ್ನೂ ತೋರಿಸಲಿಲ್ಲ.

ಸೇತುವೆ ದಾಟಿದರೆ ಪಡುಕೆರೆ. ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ, ನಡುವೆ ತೆಂಗಿನ ತೋಟ, ಮನೆ, ಒಣಗಲು ಹಾಕಿದ ಮೀನು. ಮೋಟಾರಿನ ಸದ್ದೇ ಇಲ್ಲದ್ದರಿಂದ ಅಲೆಯ ಸದ್ದು ಪಕ್ಕದಲ್ಲೇ ಓಡಿಬರುತ್ತದೆ. ಅವನ ಮನೆ ಬಂತು. ಜೇಬಿನಲ್ಲಿ ಎಂಟುನೂರು ಇತ್ತು. ಎದೆಯಲ್ಲಿ ಧೈರ್ಯ ಇರಲಿಲ್ಲ. ತಲೆ ತಗ್ಗಿಸಿ ಆಕ್ಸಿಲರೇಟರ್ ತಿರುಗಿಸಿಬಿಟ್ಟೆ.

ಗುಳ್ಳ ಬದನೆಗೆ ಹೆಸರಾದ ಮಟ್ಟು ದಾಟಿತು. ಕಾಪು ಬಂತು. 1901ರ ದೀಪಸ್ತಂಭದ ಕೆಳಗೆ ಬಂಡೆಯ ಮೇಲೆ ಕೂತು ಅಲೆ ಎಣಿಸಿದೆ. ಎಂಥಾ ಸೀನು! ಆದರೆ ಮನಸ್ಸು ಪಡುಕೆರೆಯಲ್ಲೇ.

ವಾಪಸು ಬರುವಾಗ ಬ್ಯಾಟರಿಯ ಕಡ್ಡಿಗಳು ಒಂದೊಂದಾಗಿ ಆರಿದವು. ಪಡುಕೆರೆಗೆ ಬರುವಷ್ಟರಲ್ಲಿ ಮೋಟಾರು ಸತ್ತಿತು. ಸತ್ತ ಮೋಟಾರು, ಬ್ಯಾಟರಿ ಹೊತ್ತ ಸೈಕಲ್ ತುಳಿದು ನೋಡಿ, ಪಿ.ಯು.ಸಿ.ಯೇ ಸುಲಭ! ಬೆವರು ಸುರಿಸುತ್ತಾ ನಿಂತದ್ದು ಎಲ್ಲಿ ಗೊತ್ತೇ? ಅವನ ಅಂಗಳದ ಎದುರೇ. ಅವನು ಬಲೆ ಸರಿಮಾಡುತ್ತಾ ಕೂತಿದ್ದ.

"ಬೆಳಿಗ್ಗೆ ತಲೆ ತಗ್ಗಿಸಿ ಹೋದದ್ದು ನೀನೇ ಅಲ್ವಾ ಮಾರಾಯ? ಬಾ, ಚಾರ್ಜಿಗೆ ಹಾಕು."

ಅವನಮ್ಮ "ಊಟ ಆಯ್ತಾ ಮಗಾ?" ಅಂದವರೇ ಬಂಗುಡೆ ಸಾರು ಬಡಿಸಿದರು. ಬ್ಯಾಟರಿ ತುಂಬಲಿಕ್ಕೆ ಮೂರು ಗಂಟೆ, ಅರ್ಧ ಯೂನಿಟ್ಟಿನಷ್ಟು ಕರೆಂಟು. ನನಗೆ ಬಾಯಿ ಬಿಡಲಿಕ್ಕೇ ಎರಡು ಗಂಟೆ ಬೇಕಾಯಿತು. ನೋಟುಗಳನ್ನು ಮುಂದಿಟ್ಟೆ. "ಫೀಸ್ ಕಟ್ಟಲಿಲ್ಲ ಮಾರಾಯ. ಬಸ್ ಹತ್ತಿದೆ."

ಅವನು ನಕ್ಕ. "ಫೀಸ್ ಕಟ್ಟೋ ಕೊನೇ ದಿನ ಹಿಂದಿನ ದಿನವೇ ಮುಗಿದಿತ್ತು. ನಾನು ಕಾಲೇಜಿಗೆ ಹೋಗಿ ವಿಚಾರಿಸಿಯೇ ದುಡ್ಡು ಕೊಟ್ಟದ್ದು. ಬಸ್ಸಿಗೆ ಅಂದ್ರೆ ನೀನು ತಗೊಳ್ತಾ ಇದ್ದೆಯಾ?"

ನನ್ನ ಕಥೆಯಲ್ಲಿ ಇಷ್ಟು ವರ್ಷ ನಾನು ಕಳ್ಳ. ಅವನು ಕಂಡಂತೆ, ಬರೀ ಹೇಳದೆ ಊರು ಬಿಟ್ಟ ಗೆಳೆಯ.

ಎಂಟುನೂರನ್ನು ಎಣಿಸಿಯೇ ಜೇಬಿಗೆ ಹಾಕಿಕೊಂಡ, ಬೇಡ ಅನ್ನಲಿಲ್ಲ. ಅದಕ್ಕೇ ಅವನ ಮೇಲೆ ಗೌರವ ಹೆಚ್ಚಾಯಿತು.

ಹೊರಟಾಗ ಸೂರ್ಯ ಮುಳುಗುತ್ತಿದ್ದ. ಬ್ಯಾಟರಿ ಫುಲ್ ಇತ್ತು. ಆದರೂ ಪೆಡಲ್ ತುಳಿದುಕೊಂಡೇ ಬಂದೆ.

ನೀವೂ ಯಾರದಾದರೂ ಮನೆ ಮುಂದೆ ತಲೆ ತಗ್ಗಿಸಿ ಹೋಗ್ತಾ ಇದ್ದೀರಾ? ಚಾರ್ಜ್ ಮುಗಿಯೋವರೆಗೆ ಕಾಯಬೇಡಿ ಗೆಳೆಯರೇ. ಮುಂದಿನ ವಾರ ಸಿಗೋಣ!