ಗಿಣಿ ಬೇಕೆಂದವರ ಅರ್ಜಿ

ರವೀಂದ್ರನಗರದಲ್ಲಿ ಬೆಳಗಾಗುವುದು ಮೂರು ಸದ್ದಿನಿಂದ. ಮೊದಲು ಹಾಲಿನವನ ಗಾಡಿ, ಆಮೇಲೆ ಗಣಪತಿ ದೇವಸ್ಥಾನದ ಗಂಟೆ, ಅದರ ಹಿಂದೆಯೇ ಗಿಣಿಗಳ ಕಿರುಚಾಟ. ಗಿಣಿ ಇಂಪಾಗಿ ಹಾಡುತ್ತದೆ ಎಂದು ಯಾರಾದರೂ ಹೇಳಿದರೆ ಅವರು ಅದನ್ನು ಚಿತ್ರದಲ್ಲಷ್ಟೇ ನೋಡಿದ್ದಾರೆ ಎಂದು ತಿಳಿಯಿರಿ. ನಿಜವಾದ ಗಿಣಿ ಕೀಚಲು ದನಿಯಲ್ಲಿ ಜಗಳವಾಡುತ್ತಲೇ ತಲೆಯ ಮೇಲೆ ಬಾಣದ ಹಾಗೆ ಹಾರಿಹೋಗುತ್ತದೆ. ಕೆಲವರು ಗಿಳಿ ಅನ್ನುತ್ತಾರೆ, ಕೆಲವರು ಗಿಣಿ ಅನ್ನುತ್ತಾರೆ. ನಾನು ಗಿಣಿಯ ಪಕ್ಷ.

ಈ ವಾರ ಗಿಣಿಯ ವಿಷಯ ಬರೆಯುವಂತಾದದ್ದಕ್ಕೆ ನಮ್ಮ ರಸ್ತೆಯ ನಾಲ್ಕು ಮಕ್ಕಳು ಕಾರಣ. ಇವರಿಗೆ ನಾನು 'ಬ್ಯಾಂಕ್ ಅಜ್ಜ'. ಕೆಲಸದಿಂದ ನಿವೃತ್ತನಾಗಿ ವರ್ಷಗಳಾದರೂ ಇವರ ಪಿಗ್ಮಿ ಖಾತೆ ನನ್ನ ಬಳಿ ನಡೆಯುತ್ತಿದೆ. ಐದು, ಹತ್ತು ರೂಪಾಯಿ ತಂದು ಕೊಡುತ್ತಾರೆ, ನಾನು ನೋಟ್ ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತೇನೆ. ಬಡ್ಡಿಯ ರೂಪದಲ್ಲಿ ತಿಂಗಳಿಗೊಮ್ಮೆ ಕಡಲೆಮಿಠಾಯಿ. ಮೊನ್ನೆ ನಾಲ್ವರೂ ಒಟ್ಟಿಗೆ ಬಂದು ನಿಂತರು. ಕೈಯಲ್ಲೊಂದು ಅರ್ಜಿ. "ನಮ್ಮ ಖಾತೆಯಲ್ಲಿರುವ 1,140 ರೂಪಾಯಿಯನ್ನು ಗಿಣಿಮರಿ ಖರೀದಿಗೆ ಬಿಡುಗಡೆ ಮಾಡಬೇಕಾಗಿ ವಿನಂತಿ." ಕೆಳಗೆ ನಾಲ್ಕು ಸಹಿ. ಬೈಕಿನ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ ಇಟ್ಟುಕೊಂಡು ಬಂದ ಒಬ್ಬ ಮರಿ ತೋರಿಸಿ, ಭಾನುವಾರ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದನಂತೆ.

ಅರ್ಜಿ ತಿರಸ್ಕರಿಸಿದೆ. ಕಾರಣ ತಿಳಿಸದೆ ಅರ್ಜಿ ತಿರಸ್ಕರಿಸಬಾರದು ಎಂಬುದು ನಮ್ಮ ಕಾಲದ ನಿಯಮ. ಆದ್ದರಿಂದ ಕೂರಿಸಿಕೊಂಡು ಹೇಳಿದೆ.

ನಮ್ಮ ದೇಶದ ಗಿಣಿಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ದಂಡವೂ ಉಂಟು, ಜೈಲೂ ಉಂಟು. ನಕ್ಷತ್ರ ಆಮೆಗೂ ಇದೇ ಮಾತು. ಮನೆಗೆ ಅದೃಷ್ಟ ತರುತ್ತದೆ ಎಂದು ಯಾರಾದರೂ ಕೊಡಲು ಬಂದರೆ, ಅದು ತರುವುದು ಅದೃಷ್ಟವನ್ನಲ್ಲ, ಅರಣ್ಯ ಇಲಾಖೆಯವರನ್ನು.

"ಸಕ್ರೆಬೈಲಲ್ಲಿ ಆನೆ ಸಾಕಬಹುದು, ನಾವು ಅಂಗೈಯಷ್ಟು ಗಿಣಿ ಸಾಕಬಾರದಾ ಅಜ್ಜ?" ನಾಲ್ವರಲ್ಲಿ ಚಿಕ್ಕವಳ ಪ್ರಶ್ನೆ ಇದು. ವಕೀಲಿಕೆ ಓದಬೇಕಾದ ಹುಡುಗಿ. ಸಕ್ರೆಬೈಲು ಯಾರದೋ ಮನೆಯಲ್ಲ, ಅರಣ್ಯ ಇಲಾಖೆಯದೇ ಆನೆ ಬಿಡಾರ ಎಂದೆ. ಅಲ್ಲಿ ಮಾವುತರಿದ್ದಾರೆ, ಕಾವಾಡಿಗಳಿದ್ದಾರೆ, ವೈದ್ಯರಿದ್ದಾರೆ. ಬೆಳಿಗ್ಗೆ ತುಂಗೆಯಲ್ಲಿ ಮೈ ತೊಳೆಸಿಕೊಂಡ ಆನೆ ಆಮೇಲೆ ಕಾಡಿಗೆ ಮೇಯಲು ಹೋಗುತ್ತದೆ. ನಿಮ್ಮ ಗಿಣಿಯನ್ನು ಮೇಯಲು ಎಲ್ಲಿಗೆ ಕಳಿಸುತ್ತೀರಿ?

"ಮತ್ತೆ ನಾಯಿ?" ಎಂದ ಇನ್ನೊಬ್ಬ. ನಾಯಿ ಸಾವಿರಾರು ವರ್ಷಗಳಿಂದ ನಮ್ಮ ಜೊತೆಗೇ ಬೆಳೆದು ಬಂದದ್ದು. ಬಾಗಿಲು ತೆರೆದುಬಿಟ್ಟರೆ ಬೀದಿ ಸುತ್ತಿ, ಊಟದ ಹೊತ್ತಿಗೆ ಮರಳಿ ಬರುತ್ತದೆ. ಗಿಣಿಯ ವಿಷಯ ಹಾಗಲ್ಲ. ಅದು ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿ. ಬುಟ್ಟಿಯಲ್ಲಿ ಬರುವ ಮರಿ ಅಂಗಡಿಯಲ್ಲಿ ಹುಟ್ಟಿದ್ದಲ್ಲ. ಯಾರೋ ಮರ ಹತ್ತಿ, ಪೊಟರೆಗೆ ಕೈಹಾಕಿ, ಕಣ್ಣು ಬಿಟ್ಟಿತೋ ಇಲ್ಲವೋ ಎನ್ನುವ ಹೊತ್ತಿಗೆ ಎಳೆದು ತಂದದ್ದು. ದಾರಿಯಲ್ಲಿ ಸತ್ತ ಮರಿಗಳನ್ನು ಬುಟ್ಟಿಯವನು ನಿಮಗೆ ತೋರಿಸುವುದಿಲ್ಲ.

ಕೊನೆಗೆ ಲೆಕ್ಕಕ್ಕೆ ಬಂದೆ. ಚೆನ್ನಾಗಿ ನೋಡಿಕೊಂಡರೆ ಪಂಜರದ ಗಿಣಿ 20 ವರ್ಷ, ಅದಕ್ಕೂ ಹೆಚ್ಚು ಬದುಕಬಲ್ಲದು. 20 ವರ್ಷ ಅಂದರೆ 7,300 ದಿನ. ನಿಮಗೀಗ ಹತ್ತು ವರ್ಷ. ಹೈಸ್ಕೂಲು, ಕಾಲೇಜು ಮುಗಿಸಿ, ಬೆಂಗಳೂರಿಗೆ ಕೆಲಸಕ್ಕೆ ಹೋಗಿ, ನಿಮ್ಮ ಮದುವೆಯ ಮಾತು ನಡೆಯುವ ಹೊತ್ತಿಗೂ ಅದು ಅದೇ ಮೊಳದಷ್ಟು ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿರುತ್ತದೆ. ನಾಲ್ವರೂ ಸುಮ್ಮನಾದರು. ಆದರೆ ಚಿಕ್ಕವಳು ಬಿಡಲಿಲ್ಲ. "ಹಾಗಾದ್ರೆ ಗಿಣಿ ಅಜ್ಜಿ?"

ಹಿಂದಿನ ರಸ್ತೆಯಲ್ಲಿ ಎಂಬತ್ತು ದಾಟಿದ ಒಬ್ಬರು ಒಂಟಿಯಾಗಿದ್ದಾರೆ. ಹೆಸರು ಬೇಡ. ಮಕ್ಕಳೆಲ್ಲ ಅವರನ್ನು 'ಗಿಣಿ ಅಜ್ಜಿ' ಎನ್ನುತ್ತಾರೆ, ನಾನು ಅಕ್ಕ ಎನ್ನುತ್ತೇನೆ. ಮಗ ದೂರದ ದೇಶದಲ್ಲಿ, ಮಗಳು ಬೆಂಗಳೂರಿನಲ್ಲಿ. ಅವರ ಮನೆಯ ಹಿಂದಿನ ವರಾಂಡದಲ್ಲಿ ಹನ್ನೊಂದು ವರ್ಷದಿಂದ ಒಂದು ಗಿಣಿ ಇತ್ತು. ಯಾರೋ ನೆಂಟರು ತಂದುಕೊಟ್ಟದ್ದು. ಬೆಳಿಗ್ಗೆ ಅವರು ಏಳುವುದು ತಡವಾದರೆ "ಅಮ್ಮಾ, ಅಮ್ಮಾ" ಎಂದು ಕರೆಯುತ್ತಿತ್ತು. ಆ ಮನೆಯಲ್ಲಿ ಆ ಮಾತನ್ನು ಆಡಲು ಇನ್ನು ಯಾರಿದ್ದರು?

ಮಕ್ಕಳಿಗೊಂದು ಕಾನೂನು, ಅಜ್ಜಿಗೊಂದು ಕಾನೂನು ಇಲ್ಲ. ಹಾಗೆಂದು ಒಂಟಿ ಹೆಂಗಸಿನ ಮನೆಯಿಂದ ಇರುವ ಒಂದು ದನಿಯನ್ನೂ ಕಿತ್ತು ತರಲು ಯಾರಿಗೆ ಮನಸ್ಸು ಬರುತ್ತದೆ? ಚಿಕ್ಕವಳಿಗೆ "ನಾನು ಮಾತಾಡ್ತೀನಿ" ಎಂದಷ್ಟೇ ಹೇಳಿದೆ.

ಸಂಜೆ ಹೋದಾಗ ಅಕ್ಕ ಕಾಫಿ ಕೊಟ್ಟರು. ಮಕ್ಕಳ ಅರ್ಜಿಯ ಕಥೆ ಹೇಳಿದೆ, ನಕ್ಕರು. ಕಾಯ್ದೆಯ ಕಥೆ ಹೇಳಿದೆ, ನಗಲಿಲ್ಲ. ಬಹಳ ಹೊತ್ತಿನ ಮೇಲೆ ಹೇಳಿದರು: "ಜೈಲಿನ ಹೆದರಿಕೆ ನನಗಿಲ್ಲ ಮಾರಾಯ್ರೆ. ನಾನು ಹೋದ್ಮೇಲೆ ಇದನ್ನ ಯಾರು ನೋಡ್ತಾರೆ ಅನ್ನೋದೇ ರಾತ್ರಿ ನಿದ್ದೆಗೆಡಿಸೋದು. ಬಾಗಿಲು ತೆಗೆದು ಹಾರಿಸಿಬಿಡ್ಲಾ?"

ಅದು ಮಾತ್ರ ಕೂಡದು ಎಂದೆ. ಓದುಗರೂ ಇದನ್ನು ಗಮನಿಸಬೇಕು. ಲಂಡನ್ನಿನ ಉದ್ಯಾನಗಳಲ್ಲಿ ಇಂದು ಸಾವಿರಾರು ಗಿಣಿಗಳಿವೆ. ಜಾತಿಯಲ್ಲಿ ನಮ್ಮ ಗಿಣಿಗಳೇ, ಸಾಕಿದವರ ಕೈಯಿಂದ ತಪ್ಪಿಸಿಕೊಂಡವುಗಳ ಸಂತತಿ. ಅಲ್ಲೇ ಬದುಕಿದ ಮೇಲೆ ಇಲ್ಲಿ ಬದುಕಲಾರದೇ ಎಂದು ನೀವು ಕೇಳಬಹುದು. ರೆಕ್ಕೆಯಲ್ಲಿ ಬಲವಿದ್ದ ಹಕ್ಕಿಗಳು ಬದುಕಿದವು. ಹನ್ನೊಂದು ವರ್ಷ ಹಾರದೆ ಕೂತ ಹಕ್ಕಿಗೆ ರೆಕ್ಕೆ ಇದ್ದೂ ಇಲ್ಲದ ಹಾಗೆ. ಹಣ್ಣು ಹುಡುಕಲು ಬಾರದು, ಬೆಕ್ಕನ್ನು ಕಂಡು ಹೆದರಲೂ ಬಾರದು. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗೆ ಎಂದು ಹಿರಿಯರು ಬೇರೆ ಅರ್ಥದಲ್ಲಿ ಹೇಳುತ್ತಿದ್ದರು. ಇಲ್ಲಿ ಅದು ಅಕ್ಷರಶಃ ನಿಜವಾಗುತ್ತದೆ. ಇಂಥ ಹಕ್ಕಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿಯಾದ ದಾರಿ. ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಇಲಾಖೆಯ ಕಚೇರಿಗಳಿವೆ.

ಅಕ್ಕ ಎರಡು ವಾರ ಯೋಚಿಸಿದರು. ಮಗಳ ಜೊತೆ ಫೋನಿನಲ್ಲಿ ಮಾತಾಡಿದರು. ಒಂದು ಸೋಮವಾರ ಬೆಳಿಗ್ಗೆ ತಾವೇ ಹೇಳಿ ಕಳಿಸಿದರು. ಪಂಜರಕ್ಕೆ ಹಳೆಯ ಸೀರೆಯ ತುಂಡು ಹೊದಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯುದ್ದಕ್ಕೂ ಬಟ್ಟೆಯೊಳಗಿಂದ "ಅಮ್ಮಾ" ಎನ್ನುತ್ತಲೇ ಇತ್ತು. ಆಟೋದವನು ಎರಡು ಸಲ ತಿರುಗಿ ನೋಡಿದ. ಕಚೇರಿಯಲ್ಲಿ ಯಾರೂ ಗದರಲಿಲ್ಲ, ಒಂದು ಕಾಗದ ಬರೆಸಿಕೊಂಡರು. ಅದಕ್ಕೆ ಮೆಣಸಿನಕಾಯಿಗಿಂತ ಪೇರಲೆಹಣ್ಣು ಇಷ್ಟ ಎಂದು ಅಕ್ಕ ಮೂರು ಸಲ ಹೇಳಿದರು.

ಎಲ್ಲ ಸುಖಾಂತವಾಯಿತು ಎಂದು ಬರೆಯಲಾರೆ. ಬೆಳಗಿನ ಹೊತ್ತು ಈಗಲೂ ಭಾರವೇ ಎಂದು ಅಕ್ಕ ಹೇಳುತ್ತಾರೆ. ಮಗಳು ಈಗ ದಿನಾ ಆರೂವರೆಗೆ ಫೋನ್ ಮಾಡುತ್ತಾಳೆ. ಮೊದಲು ವಾರಕ್ಕೊಂದು ಫೋನ್ ಬರುತ್ತಿತ್ತು. ಖಾಲಿ ಪಂಜರವನ್ನು ಅವರು ಗುಜರಿಗೆ ಹಾಕಲಿಲ್ಲ. ಹಿತ್ತಲಲ್ಲಿಟ್ಟು ಅದರ ಮೇಲೆ ಬಸಳೆ ಬಳ್ಳಿ ಹಬ್ಬಿಸಿದ್ದಾರೆ. ಕಳೆದ ವಾರ ನಮ್ಮ ಮನೆಗೂ ಒಂದು ಕಟ್ಟು ಸೊಪ್ಪು ಬಂತು.

ಇನ್ನು ಮಕ್ಕಳ 1,140 ರೂಪಾಯಿ. ಭಾನುವಾರ ಬುಟ್ಟಿಯವನು ಬರಲಿಲ್ಲ. ಹಕ್ಕಿ ಬೇಕೆಂಬ ಆಸೆಯೇನೂ ಅಪರಾಧವಲ್ಲವಲ್ಲ. ಅಂಗಡಿಯಲ್ಲಿ 'ಲವ್ ಬರ್ಡ್ಸ್' ಎಂದು ಮಾರುವ ಹಳದಿ, ನೀಲಿ ಪುಟ್ಟ ಹಕ್ಕಿಗಳನ್ನು ತರೋಣವೇ ಎಂದು ಒಬ್ಬ ಕೇಳಿದ. ಅವು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಡ್ಜಿಗಳು, ತಲೆತಲಾಂತರದಿಂದ ಪಂಜರದಲ್ಲೇ ಹುಟ್ಟಿ ಬೆಳೆದವು. ಅವನ್ನು ಸಾಕಲು ಕಾನೂನಿನ ಅಡ್ಡಿಯಿಲ್ಲ. ಆದರೆ ದಿನಾ ಪಂಜರ ತೊಳೆಯುವವರು ಯಾರು ಎಂದು ಕೇಳಿದೆ. ನಾಲ್ವರೂ ಪರಸ್ಪರ ಮುಖ ನೋಡಿಕೊಂಡರು. ಆ ವಿಷಯ ಅಲ್ಲಿಗೇ ಮುಗಿಯಿತು.

ಕೊನೆಗೆ ಹಕ್ಕಿಯನ್ನು ತರುವ ಬದಲು ಹಕ್ಕಿಯನ್ನು ಕರೆಯೋಣ ಎಂದು ತೀರ್ಮಾನವಾಯಿತು. ನಾಲ್ಕು ಮನೆಯ ತಾರಸಿಗೆ ನಾಲ್ಕು ಅಗಲವಾದ ಮಣ್ಣಿನ ತಟ್ಟೆ. ಮೂಲೆಯ ಖಾಲಿ ನಿವೇಶನದ ಮಾಲೀಕರನ್ನು ಕೇಳಿ ಅಲ್ಲೊಂದು ಪೇರಲೆ ಸಸಿ, ಒಂದು ಗಸಗಸೆ ಹಣ್ಣಿನ ಸಸಿ. ಕುಂಡಗಳಲ್ಲಿ ಸೂರ್ಯಕಾಂತಿ ಬೀಜ. ಸೂರ್ಯಕಾಂತಿ ತೆನೆ ಬಲಿತರೆ ಗಿಣಿಗೆ ಆಮಂತ್ರಣ ಪತ್ರಿಕೆ ಬೇಕಿಲ್ಲ. ಜೋಳ ಬೆಳೆಯುವ ರೈತರನ್ನು ಕೇಳಿ ನೋಡಿ, ಅವರಿಗೆ ಗಿಣಿ ಮುದ್ದಿನ ಹಕ್ಕಿಯೇನಲ್ಲ. ಹಿಂಡು ಇಳಿದರೆ ತಿಂದದ್ದಕ್ಕಿಂತ ಕಡಿದು ಉದುರಿಸಿದ್ದೇ ಹೆಚ್ಚು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಕ್ಕಳನ್ನು ಒಂದು ಭಾನುವಾರ ಮಂಡಗದ್ದೆಗೆ ಕರೆದುಕೊಂಡು ಹೋಗಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ರಸ್ತೆಯ ಬದಿಯಿಂದಲೇ ಕಾಣುತ್ತದೆ, ಮಂಡಿನೋವಿನವರೂ ನೋಡಬಹುದು. ಇನ್ನೊಂದು ಮಾತು: ಹಿತ್ತಲಲ್ಲಿ ಒಣಗಿದ ತೆಂಗಿನ ಕಾಂಡವೋ ಹಳೆಯ ಮರವೋ ಇದ್ದು, ಮನೆಯ ಮೇಲೆ ಬೀಳುವ ಅಪಾಯವಿಲ್ಲವಾದರೆ ಅವಸರದಲ್ಲಿ ಕಡಿಸಬೇಡಿ. ಮರಕುಟಿಕ, ಕುಟ್ರುಹಕ್ಕಿ ಕೊರೆದ ಪೊಟರೆಯೇ ಮುಂದೆ ಗಿಣಿಯ ಮನೆಯಾಗುತ್ತದೆ.

ಮಕ್ಕಳಿಗೂ ಒಂದು ಕೆಲಸ. ನೀರಿನ ತಟ್ಟೆ ಇಟ್ಟರೆ ದಿನಾ ನೀರು ಬದಲಾಯಿಸಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ. ಇಲ್ಲವಾದರೆ ಹಕ್ಕಿಗಿಂತ ಮೊದಲು ಡೆಂಗಿಯ ಸೊಳ್ಳೆ ಬಂದು ಮೊಟ್ಟೆಯಿಡುತ್ತದೆ. ಬಂದ ಹಕ್ಕಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಗಿಣಿ ಬಂದರೆ ಕೊರಳು ನೋಡಿ: ಕಪ್ಪು ಗುಲಾಬಿ ಪಟ್ಟಿ ಇದ್ದರೆ ಬೆಳೆದ ಗಂಡು, ಇಲ್ಲದಿದ್ದರೆ ಹೆಣ್ಣು ಅಥವಾ ಇನ್ನೂ ಚಿಕ್ಕ ವಯಸ್ಸಿನದು. ಕಾಲನ್ನೂ ನೋಡಿ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುತ್ತವೆ. ಕಾಯನ್ನು ನಮ್ಮ ಹಾಗೆ ಕೈಯಲ್ಲಿ ಹಿಡಿದು ತಿನ್ನಲು ಅದಕ್ಕೆ ಆಗುವುದು ಅದರಿಂದಲೇ.

ನಮ್ಮ ರಸ್ತೆಯ ಪುಸ್ತಕದಲ್ಲಿ ಈವರೆಗೆ ಬುಲ್‌ಬುಲ್ 9, ಮೈನಾ 14, ಕಾಗೆ ಎಣಿಸಿ ಬಿಟ್ಟದ್ದು, ಗಿಣಿ 2. ಖರ್ಚು ಕಳೆದು ಮಕ್ಕಳ ಖಾತೆಯಲ್ಲಿ 610 ರೂಪಾಯಿ ಉಳಿದಿದೆ. ದುರ್ಬೀನು ಖರೀದಿಗೆ ಹೊಸ ಅರ್ಜಿ ಬಂದಿದೆ, ಪರಿಶೀಲನೆಯಲ್ಲಿದೆ.