ಹಳೆಯ ತಲೆಗಳಿಗೆ ವಿನಾಯಿತಿ

“ತಲೆ ಅವನದು. ಅದನ್ನು ಕಾಪಾಡಿಕೊಳ್ಳುವುದೂ ಒಡೆದುಕೊಳ್ಳುವುದೂ ಅವನಿಗೆ ಸೇರಿದ ವಿಷಯ. ನಡುವೆ ಕಾನೂನಿಗೇನು ಕೆಲಸ?” ಈ ಮಾತನ್ನು ನಮ್ಮ ಬೀದಿಯ ಸ್ಕೂಟರ್ ಸವಾರನಿಂದ ಹಿಡಿದು ದೊಡ್ಡ ದೊಡ್ಡ ತರ್ಕಪಂಡಿತರವರೆಗೆ ಎಲ್ಲರೂ ಆಡುವುದುಂಟು. ಕೇಳುವುದಕ್ಕೆ ಗಂಭೀರವಾದ ಮಾತು. ಸ್ವಾತಂತ್ರ್ಯದ ಪರಿಮಳವೂ ಅದಕ್ಕಿದೆ. ಆದರೆ ಅದು ಅಪ್ಪಟ ಚಿನ್ನವೋ ಬರಿಯ ಹಿತ್ತಾಳೆಯೋ ಎಂಬುದನ್ನು ತಿಳಿಯಬೇಕಾದರೆ ಒಂದು ಒರೆಗಲ್ಲು ಬೇಕು. ಅಂಥ ಒರೆಗಲ್ಲು ನಮಗೆ ಉತ್ತರ ಅಮೆರಿಕದ ಐಸ್ ಹಾಕಿ ಆಟದ ಚರಿತ್ರೆಯಲ್ಲಿ ಸಿಕ್ಕುತ್ತದೆ.

ನಮ್ಮ ಮೈದಾನದ ಹಾಕಿಯನ್ನು ಕಂಡವರು ಇದನ್ನೂ ಅಂಥದೇ ಒಂದು ಆಟವೆಂದು ಭಾವಿಸಬಾರದು. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಮಂಜುಗಡ್ಡೆಯ ಅಂಗಳ. ಸುತ್ತ ಹಲಗೆಯ ಗೋಡೆ. ಕಾಲಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಹನ್ನೆರಡು ಮಂದಿ ಗಾಳಿಯ ವೇಗದಲ್ಲಿ ಜಾರುತ್ತಿರುತ್ತಾರೆ. ಚೆಂಡಿಗೆ ಬದಲಾಗಿ ಇರುವುದು ಒಂದು ಅಂಗುಲ ದಪ್ಪದ, ಮೂರು ಅಂಗುಲ ಅಗಲದ ಗಟ್ಟಿ ರಬ್ಬರಿನ ಬಿಲ್ಲೆ; ಅದನ್ನು ಪಕ್ ಎನ್ನುತ್ತಾರೆ. ಬಲವಾಗಿ ಹೊಡೆದರೆ ಅದು ಗಂಟೆಗೆ 160 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಹಾರುತ್ತದೆ. ಸಾಲದುದಕ್ಕೆ, ಪಕ್ ಹಿಡಿದವನನ್ನು ಮೈಯಿಂದ ಗುದ್ದಿ ಕೆಡಹುವುದು ಆಟದ ನಿಯಮಕ್ಕೆ ಒಪ್ಪಿಗೆಯಾದದ್ದು. ಇಂಥ ಅಂಗಳದಲ್ಲಿ ತಲೆಗೆ ಒಂದು ಚಿಪ್ಪು ಇರಲಿ ಎನ್ನುವುದಕ್ಕೆ ವಿಶೇಷ ಬುದ್ಧಿಶಕ್ತಿಯೇನೂ ಬೇಕಾಗಿಲ್ಲ. ಆದರೂ 1917ರಲ್ಲಿ ಹುಟ್ಟಿದ ನ್ಯಾಷನಲ್ ಹಾಕಿ ಲೀಗಿಗೆ ಇದು ಹೊಳೆದು ನಿಯಮವಾಗಬೇಕಾದರೆ 62 ವರ್ಷ ಹಿಡಿಯಿತು.

ಯಾರೂ ಹೇಳಿಕೊಡಲಿಲ್ಲವೇ? ಹೇಳಿಕೊಟ್ಟರು. 1928ರಲ್ಲೇ ಬಾಸ್ಟನ್ ಬ್ರೂಯಿನ್ಸ್ ತಂಡದ ಜಾರ್ಜ್ ಓವೆನ್ ಎಂಬಾತ ಕಾಲೇಜಿನ ಫುಟ್‌ಬಾಲಿನಲ್ಲಿ ತೊಡುತ್ತಿದ್ದ ಚರ್ಮದ ಟೋಪಿಯನ್ನು ಹಾಕಿಕೊಂಡೇ ಅಂಗಳಕ್ಕಿಳಿದ. ಉಳಿದವರು ನೋಡಿದರು, ಸುಮ್ಮನಾದರು. 1933ರ ಡಿಸೆಂಬರ್ 12ರಂದು ಅದೇ ಬಾಸ್ಟನ್ನಿನಲ್ಲಿ ಎಡ್ಡಿ ಶೋರ್ ಹಿಂದಿನಿಂದ ಬಂದು ಗುದ್ದಿದ ರಭಸಕ್ಕೆ ಟೊರಾಂಟೊ ತಂಡದ ಏಸ್ ಬೇಲಿ ಮಂಜುಗಡ್ಡೆಯ ಮೇಲೆ ಬಿದ್ದು ತಲೆಬುರುಡೆ ಒಡೆದುಕೊಂಡ. ಶಸ್ತ್ರಚಿಕಿತ್ಸೆಯಿಂದ ಪ್ರಾಣ ಉಳಿಯಿತು, ಆಟ ಉಳಿಯಲಿಲ್ಲ. 1934ರ ಫೆಬ್ರವರಿಯಲ್ಲಿ ಅವನ ಸಹಾಯಾರ್ಥವಾಗಿ ಪಂದ್ಯವೊಂದನ್ನು ಏರ್ಪಡಿಸಿದರು. ಬೇಲಿಯೂ ಶೋರನೂ ಅಲ್ಲಿ ಕೈಕುಲುಕಿದರು. ಜನ ಚಪ್ಪಾಳೆ ತಟ್ಟಿದರು. ಶೋರ್ ಅಲ್ಲಿಂದ ಮುಂದೆ ತಾನೇ ಹೆಲ್ಮೆಟ್ ತೊಡತೊಡಗಿದ. ಅಂದರೆ ಒಡೆದವನಿಗೆ ಪಾಠ ತಿಳಿಯಿತು. ಆಟವನ್ನು ನಡೆಸುವವರಿಗೆ ತಿಳಿಯಲಿಲ್ಲ.

ಗೋಲ್‌ಕೀಪರರ ಕಥೆಯೂ ಇದೇ. 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಮಾಂಟ್ರಿಯಲ್ ತಂಡದ ಜಾಕ್ ಪ್ಲಾಂಟನ ಮುಖಕ್ಕೆ ಪಕ್ ಬಡಿದು ರಕ್ತ ಸುರಿಯಿತು. ಹೊಲಿಗೆ ಹಾಕಿಸಿಕೊಂಡು ಬಂದವನು, ಮುಖವಾಡವಿಲ್ಲದೆ ಇನ್ನು ಆಡುವುದಿಲ್ಲವೆಂದು ಹಟ ಹಿಡಿದ. ತರಬೇತುದಾರ ಟೋ ಬ್ಲೇಕನಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಬೇರೆ ಗೋಲ್‌ಕೀಪರ್ ಇಲ್ಲದ್ದರಿಂದ ಒಪ್ಪಿದ. ಮುಖ ಮುಚ್ಚಿಕೊಂಡವನು ಹೇಡಿಯಾಗುತ್ತಾನೆ, ಕಣ್ಣು ಕಾಣದವನಾಗುತ್ತಾನೆ ಎಂದು ಬಲ್ಲವರು ಭವಿಷ್ಯ ನುಡಿದದ್ದೂ ಆಯಿತು. ಆ ವರ್ಷದ ಸ್ಟ್ಯಾನ್ಲಿ ಕಪ್ಪನ್ನು ಗೆದ್ದದ್ದು ಆ ಮುಖವಾಡದ ತಂಡವೇ!

ಇಷ್ಟಾದರೂ ಬರಿದಲೆಯ ಪೌರುಷ ಮುಂದುವರಿಯಿತು. 1968ರ ಜನವರಿ 13ರಂದು ಮಿನೆಸೋಟ ನಾರ್ತ್ ಸ್ಟಾರ್ಸ್ ತಂಡದ ಬಿಲ್ ಮಾಸ್ಟರ್ಟನ್ ಓಕ್‌ಲ್ಯಾಂಡ್ ತಂಡದವರ ಗುದ್ದಿಗೆ ಹಿಮ್ಮೊಗವಾಗಿ ಬಿದ್ದ. ತಲೆಯ ಹಿಂಭಾಗ ಮಂಜುಗಡ್ಡೆಗೆ ಅಪ್ಪಳಿಸಿತು. ಎರಡು ದಿನ ಕಳೆದು, ಜನವರಿ 15ರಂದು, ಅವನು ತೀರಿಕೊಂಡ. ವಯಸ್ಸು 29. ಲೀಗಿನ ಪಂದ್ಯದಲ್ಲಿ ಆದ ಪೆಟ್ಟಿನಿಂದಲೇ ಸತ್ತ ಆಟಗಾರ ಅವನೊಬ್ಬನೇ. ಆಗ ದೊಡ್ಡವರು ಏನು ಮಾಡಿದರು? ಅವನ ಹೆಸರಿನಲ್ಲಿ ಒಂದು ಪಾರಿತೋಷಕವನ್ನು ಸ್ಥಾಪಿಸಿದರು. ಆಟದ ಮೇಲಿನ ನಿಷ್ಠೆಗಾಗಿ ಅದನ್ನು ಅದೇ ವರ್ಷದಿಂದ ಕೊಡತೊಡಗಿದರು. ಸತ್ತವನಿಗೆ ಬೆಳ್ಳಿಯ ಬಟ್ಟಲು ಅದೇ ವರ್ಷ ಸಿಕ್ಕಿತು. ಬದುಕಿದ್ದವರಿಗೆ ಹೆಲ್ಮೆಟ್ಟಿನ ನಿಯಮ ಸಿಕ್ಕಲು ಹನ್ನೊಂದು ವರ್ಷ ಬೇಕಾಯಿತು.

ಇಲ್ಲಿ ನಮ್ಮ ತರ್ಕಪಂಡಿತರು ಎದ್ದುನಿಂತು, “ಆಟಗಾರರಿಗೇ ಬೇಡವಾಗಿತ್ತಲ್ಲ, ಸ್ವಾಮಿ!” ಎನ್ನಬಹುದು. ಬೇಡವಾಗಿತ್ತೇ? 1969ರ ಸೆಪ್ಟೆಂಬರಿನಲ್ಲಿ ಬಾಸ್ಟನ್ನಿನ ಟೆಡ್ ಗ್ರೀನ್ ಕೋಲಿನ ಪೆಟ್ಟಿನಿಂದ ತಲೆಬುರುಡೆ ಒಡೆದುಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದ. ಈ ಪ್ರಸಂಗದ ಎಳೆಯನ್ನೇ ಹಿಡಿದು ಥಾಮಸ್ ಶೆಲ್ಲಿಂಗ್ ಎಂಬ ಅರ್ಥಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಬಂಧ ಬರೆದ. 2005ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು ಇವನೇ. ಅವನು ತೋರಿಸಿಕೊಟ್ಟ ಸಂಗತಿ ಸರಳವಾದದ್ದು. ಹೆಲ್ಮೆಟ್ ತೊಡದಿರುವುದು ಮೂರ್ಖತನವೆಂದು ಆಟಗಾರನಿಗೆ ಗೊತ್ತು. ಪಕ್ಕದವನು ತೊಡುವುದಿಲ್ಲವಾದ್ದರಿಂದ ಇವನೂ ತೊಡುವುದಿಲ್ಲ. ಒಬ್ಬನೇ ತೊಟ್ಟರೆ ಹೇಡಿಯೆಂಬ ಹೆಸರು ಬರುತ್ತದೆ; ದೃಷ್ಟಿ ಕೂದಲೆಳೆಯಷ್ಟು ಕಡಿಮೆಯಾದರೂ ಎದುರಾಳಿಗೆ ಅನುಕೂಲ. ಆದ್ದರಿಂದ ಬಹಿರಂಗದಲ್ಲಿ ಬರಿದಲೆಯಲ್ಲಿ ಮೆರೆಯುವವನೇ, ಎಲ್ಲರೂ ತೊಡಲೇಬೇಕೆಂಬ ನಿಯಮಕ್ಕೆ ಗುಟ್ಟಿನಲ್ಲಿ ಮತ ಹಾಕಬಲ್ಲ. ಹತ್ತರ ಕೂಡ ಹನ್ನೊಂದು ಎಂಬ ನಮ್ಮ ಗಾದೆಯನ್ನೇ ಆ ಪಂಡಿತ ಶಾಸ್ತ್ರರೂಪದಲ್ಲಿ ಹೇಳಿದ್ದಾನೆ. ಹಾಗಾದರೆ ಸ್ವಾತಂತ್ರ್ಯ ಎಲ್ಲಿತ್ತು? ಆಟಗಾರನನ್ನು ಆಳುತ್ತಿದ್ದದ್ದು ಅವನ ಇಚ್ಛೆಯಲ್ಲ, ನಾಲ್ವರ ನಗೆ. ಆ ನಗೆಯ ದಾಸ್ಯದಿಂದ ಬಿಡಿಸಬಲ್ಲದ್ದು ನಿಯಮ ಒಂದೇ.

ಪೌರುಷದ ಮಾತಿಗೆ ಉತ್ತರವೂ ಮೊದಲೇ ಸಿಕ್ಕಿತ್ತು. 1972ರಲ್ಲಿ ಸೋವಿಯತ್ ರಷ್ಯದ ತಂಡ ಕೆನಡಾದವರ ಮೇಲೆ ಎಂಟು ಪಂದ್ಯಗಳನ್ನು ಆಡಿತು. ರಷ್ಯನ್ನರೆಲ್ಲರ ತಲೆಯ ಮೇಲೂ ಹೆಲ್ಮೆಟ್. ಕೆನಡಾದವರಲ್ಲಿ ಬಹುಮಂದಿ ಬರಿದಲೆ. ಮೊದಲ ಪಂದ್ಯದಲ್ಲೇ, ಮಾಂಟ್ರಿಯಲಿನಲ್ಲಿ, ಹೆಲ್ಮೆಟ್ಟಿನವರು 7–3ರಿಂದ ಗೆದ್ದು ಕೆನಡಾವನ್ನೇ ದಿಗ್ಭ್ರಮೆಗೊಳಿಸಿದರು. ಕೊನೆಗೆ ಸೆಪ್ಟೆಂಬರ್ 28ರಂದು ಮಾಸ್ಕೋದಲ್ಲಿ ಕಡೆಯ ನಿಮಿಷದಲ್ಲಿ ಗೋಲು ಹೊಡೆದು ಕೆನಡಾದ ಮಾನ ಉಳಿಸಿದವನು ಪಾಲ್ ಹೆಂಡರ್ಸನ್. ಆ ದೇಶದಲ್ಲಿ ಇಂದಿಗೂ ನೆನೆಯುವ ಆ ಗೋಲನ್ನು ಹೊಡೆದವನ ತಲೆಯ ಮೇಲೆ ಏನಿತ್ತೆಂದು ಬಲ್ಲಿರಾ? ಹೆಲ್ಮೆಟ್!

ಅಂತೂ 1979ರ ಆಗಸ್ಟಿನಲ್ಲಿ ನಿಯಮ ಬಂತು. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರು. ಹಾಕಿದ್ದಾದರೂ ಪೂರ್ತಿಯೇ? ಇಲ್ಲ. ಆ ವರ್ಷದ ಜೂನ್ 1ಕ್ಕಿಂತ ಮೊದಲು ವೃತ್ತಿಯ ಕರಾರಿಗೆ ಸಹಿ ಹಾಕಿದವರು, ಅಪಾಯವಾದರೆ ಲೀಗು ಹೊಣೆಯಲ್ಲವೆಂದು ಬರೆದುಕೊಟ್ಟು, ಬರಿದಲೆಯಲ್ಲೇ ಆಡಬಹುದು ಎಂದರು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಾಯಿತು. ಮೇ ತಿಂಗಳಲ್ಲಿ ಸಹಿ ಹಾಕಿದವನ ತಲೆ ಕಗ್ಗಲ್ಲು, ಜುಲೈಯಲ್ಲಿ ಸಹಿ ಹಾಕಿದವನದು ಮೊಟ್ಟೆ! ಮಂಜುಗಡ್ಡೆಗೆ ಸಹಿಯ ತಾರೀಖು ಓದಲು ಬರುತ್ತದೆಯೇ? ಈ ವಿನಾಯಿತಿಯ ಕೊನೆಯ ಫಲಾನುಭವಿ ಕ್ರೇಗ್ ಮಕ್‌ಟ್ಯಾವಿಷ್ 1997ರಲ್ಲಿ ನಿವೃತ್ತನಾದಾಗ ನಿಯಮಕ್ಕೆ ಹದಿನೆಂಟು ವರ್ಷ ತುಂಬಿತ್ತು. ಅವನು ಸುಖವಾಗಿ ಮನೆ ಸೇರಿದ, ಸಂತೋಷ. ಆದರೆ ಅದು ಅವನ ಅದೃಷ್ಟವೇ ಹೊರತು ಲೀಗಿನ ವಿವೇಕವಲ್ಲ.

ಇನ್ನೊಂದು ಸ್ವಾರಸ್ಯವಿದೆ. 1992ರಲ್ಲಿ ಲೀಗು ಬುದ್ಧಿ ತಿರುಗಿ ಹೆಲ್ಮೆಟ್ಟನ್ನು ಮತ್ತೆ ಐಚ್ಛಿಕವೆಂದು ಸಾರಿತು. ತಲೆಯ ಸ್ವಾತಂತ್ರ್ಯ ಮರಳಿ ಬಂದಿತಲ್ಲ, ಆಟಗಾರರು ಚಿಪ್ಪುಗಳನ್ನು ಕಿತ್ತೆಸೆದು ಕುಣಿದರೇ? ಆ ಸೌಲಭ್ಯವನ್ನು ಬಳಸಿಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದವನು ತೊಟ್ಟಿದ್ದಾನೆಂದ ಮೇಲೆ ತನಗೆ ತೆಗೆಯುವ ಆತುರವೇನು? ಶೆಲ್ಲಿಂಗನ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾಗಿಲ್ಲ.

ಎದುರುಪಕ್ಷದವರಿಗೆ ಎರಡು ಮಾತಿನ ನ್ಯಾಯ ಸಲ್ಲಬೇಕು. ತಲೆಗೆ ರಕ್ಷೆ ಬಂದ ಮೇಲೆ ಕೋಲುಗಳು ಹೆಚ್ಚು ಮೇಲೇರಿದವು, ಗುದ್ದು ಒರಟಾಯಿತು ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ಕೋಲೆತ್ತಿದವನನ್ನು ಶಿಕ್ಷಿಸಬೇಕು, ಪೆಟ್ಟು ತಿನ್ನುವವನ ತಲೆಯನ್ನು ಬರಿದು ಮಾಡುವುದಲ್ಲ. ಹೆಲ್ಮೆಟ್ ಬುರುಡೆ ಒಡೆಯುವುದನ್ನು ತಡೆದೀತು, ಒಳಗಿನ ಮಿದುಳು ಅಲುಗುವುದನ್ನು ತಡೆಯಲಾರದು ಎಂಬುದು ಇನ್ನೊಂದು ಮಾತು. ಇದು ನಿಜ. ಗಡಿಗೆಗೆ ಬಟ್ಟೆ ಸುತ್ತಿದರೆ ಗಡಿಗೆ ಉಳಿಯುತ್ತದೆ, ಒಳಗಿನ ಮಜ್ಜಿಗೆ ತುಳುಕದೆ ಬಿಡುವುದಿಲ್ಲ. 2015ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯ ಐಸ್ ಹಾಕಿಯ ಹೆಲ್ಮೆಟ್ಟುಗಳನ್ನು ಪರೀಕ್ಷಿಸಿದಾಗ ಒಂದಕ್ಕೂ ಐದರಲ್ಲಿ ನಾಲ್ಕು ನಕ್ಷತ್ರ ದಕ್ಕಲಿಲ್ಲ. ಆದರೆ ಇದರಿಂದ ತಿಳಿಯುವುದೇನು? ಇನ್ನೂ ಒಳ್ಳೆಯ ಹೆಲ್ಮೆಟ್ ಬೇಕು, ತಲೆಗೇ ಗುರಿಯಿಟ್ಟ ಗುದ್ದಿಗೆ ಕಠಿಣ ಶಿಕ್ಷೆ ಬೇಕು ಎಂದು. ಕೊಡೆ ಪೂರ್ತಿ ಮಳೆಯನ್ನು ತಡೆಯದೆಂದು ಕೊಡೆಯನ್ನೇ ಬಿಸುಡುವವನನ್ನು ಜಾಣನೆನ್ನುವುದಿಲ್ಲ.

ಇದೆಲ್ಲ ಮುಗಿದ ಕಥೆಯಾಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. 2000ದ ಮಾರ್ಚಿನಲ್ಲಿ ಬ್ರಯನ್ ಬೆರಾರ್ಡನ ಕಣ್ಣಿಗೆ ಕೋಲು ತಾಗಿ ದೃಷ್ಟಿಯೇ ಬಹುಮಟ್ಟಿಗೆ ಹೋಯಿತು. ಕಣ್ಣು ಕಾಯುವ ಪಾರದರ್ಶಕ ಪಟ್ಟಿ ಕಡ್ಡಾಯವಾದದ್ದು 2013ರಲ್ಲಿ. ಅದೂ 25 ಪಂದ್ಯ ಆಡಿರದ ಹೊಸಬರಿಗೆ ಮಾತ್ರ! 1989ರಲ್ಲಿ ಬಫಲೋ ನಗರದಲ್ಲಿ ಗೋಲ್‌ಕೀಪರ್ ಕ್ಲಿಂಟ್ ಮಲಾರ್ಚಕನ ಕುತ್ತಿಗೆಯನ್ನು ಸ್ಕೇಟಿನ ಅಲಗು ಸೀಳಿತು, ದೈವವಶಾತ್ ಬದುಕಿದ. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಆಡಮ್ ಜಾನ್ಸನ್ನನಿಗೆ ಆ ದೈವ ಒದಗಲಿಲ್ಲ. ಅವನು ಮಿನೆಸೋಟದಲ್ಲಿ ಹುಟ್ಟಿದ ಹುಡುಗ. ಮಾಸ್ಟರ್ಟನ್ ಆಡಿ ಮಡಿದದ್ದೂ ಮಿನೆಸೋಟದ ತಂಡಕ್ಕಾಗಿಯೇ. ವಯಸ್ಸೂ ಅದೇ: 29. ಇಂಗ್ಲೆಂಡಿನ ಐಸ್ ಹಾಕಿ ಸಂಘ 2024ರ ಆರಂಭದಿಂದ ಕುತ್ತಿಗೆಪಟ್ಟಿಯನ್ನು ಕಡ್ಡಾಯ ಮಾಡಿತು. ನ್ಯಾಷನಲ್ ಹಾಕಿ ಲೀಗು 2025ರಲ್ಲಿ ಆಟಗಾರರ ಸಂಘದೊಡನೆ ಮಾಡಿಕೊಂಡ ಒಪ್ಪಂದವೇನು ಹೇಳುತ್ತದೆ? 2026–27ರ ಋತುವಿನಿಂದ ಕುತ್ತಿಗೆಪಟ್ಟಿ ಕಡ್ಡಾಯ, ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರದವರಿಗೆ. ಹಳಬರಿಗೆ ಯಥಾಪ್ರಕಾರ ವಿನಾಯಿತಿ.

ತಲೆಯಾಯಿತು, ಕಣ್ಣಾಯಿತು, ಈಗ ಕುತ್ತಿಗೆ. ಮೂರು ಸಲವೂ ಒಂದೇ ನ್ಯಾಯ: ಮೊದಲು ರಕ್ತ, ಆಮೇಲೆ ಅರ್ಧ ನಿಯಮ. ಹೊಸಬನಿಗೆ ಪಟ್ಟಿ ಕಟ್ಟುವವರು ಅದು ಬೇಕೇ ಬೇಕೆಂದು ಒಪ್ಪಿದಂತಾಯಿತಷ್ಟೆ? ಹಾಗೆ ಒಪ್ಪಿದ ಮೇಲೆ ಹಳಬನನ್ನು ಬಿಟ್ಟುಕೊಡುವುದು ಅವನ ಸ್ವಾತಂತ್ರ್ಯಕ್ಕೆ ತೋರುವ ಗೌರವವಲ್ಲ. ಅವನೊಡನೆ ಜಗಳವಾಡಲು ಹಿಂಜರಿಯುವ ಪುಕ್ಕಲುತನ. ಬರಿದಲೆಯವನನ್ನು ಧೀರನೆಂದೂ ಹೆಲ್ಮೆಟ್ಟಿನವನನ್ನು ಹೇಡಿಯೆಂದೂ ಕರೆದವರು ಒಮ್ಮೆ ಹೇಡಿಗಳನ್ನು ಸರಿಯಾಗಿ ಹುಡುಕಲಿ. ಅವರು ಮಂಜುಗಡ್ಡೆಯ ಮೇಲೆ ಸಿಕ್ಕುವುದಿಲ್ಲ. ನಿಯಮ ಬರೆಯುವ ಮೇಜಿನ ಸುತ್ತ ಕುಳಿತಿರುತ್ತಾರೆ.