‘ವಿಲಿಪೆಂಡ್’ಗೆ ಕನ್ನಡದಲ್ಲಿ ಪದವಿಲ್ಲವೇ?

ಕಳೆದ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಎಂ.ಎ. ಓದುತ್ತಿರುವ ಹುಡುಗಿಯೊಬ್ಬಳು ಪ್ರಬಂಧ ಮಂಡಿಸಿದಳು. ಲೇಖಕಿಯರ ಕಾದಂಬರಿಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕರೆದು ಪಕ್ಕಕ್ಕಿಟ್ಟ ನಮ್ಮ ವಿಮರ್ಶೆಯ ಬಗ್ಗೆ ಅವಳ ತಕರಾರು. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕೊನೆಯಲ್ಲಿ, ಆ ಲೇಖಕಿಯರನ್ನು ವಿಮರ್ಶಕರು ‘ವಿಲಿಪೆಂಡ್’ ಮಾಡಿದರು ಅಂದರು. ಹುಡುಗಿ ಎದ್ದು, “ಸರ್, ಹಾಗಂದ್ರೆ ಏನು?” ಎಂದು ಕೇಳಿದಳು. ಅವರು ನಕ್ಕರು. “ಡಿಕ್ಷನರಿ ನೋಡಮ್ಮಾ. ಕನ್ನಡದಲ್ಲಿ ಅಷ್ಟು ಸೂಕ್ಷ್ಮವಾದ ಪದ ಇಲ್ಲ.” ಸಭೆಯೂ ನಕ್ಕಿತು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಳೆ ನನ್ನ ವೈವಾಗೆ ಯಾರು ಬರುತ್ತಾರೋ ಯಾರಿಗೆ ಗೊತ್ತು!

ಅವತ್ತು ಆಡದ ಮಾತನ್ನು ಇಲ್ಲಿ ಆಡುತ್ತೇನೆ.

ಡಿಕ್ಷನರಿ ನೋಡಿದೆ. ‘ವಿಲಿಪೆಂಡ್’ 15ನೇ ಶತಮಾನದಲ್ಲೇ ಇಂಗ್ಲಿಷಿಗೆ ಬಂದ ಕ್ರಿಯಾಪದ. ಬೇರು ಲ್ಯಾಟಿನ್ನಿನದು: ‘ವಿಲಿಸ್’ ಎಂದರೆ ಅಗ್ಗದ್ದು, ‘ಪೆಂಡೆರೆ’ ಎಂದರೆ ತೂಗುವುದು. ತೂಗಿ ನೋಡಿ, ಇದು ಅಗ್ಗದ ಮಾಲು ಎಂದು ತೀರ್ಮಾನಿಸುವುದೇ ವಿಲಿಪೆಂಡ್. ಒಬ್ಬರನ್ನು ಬೆಲೆಯಿಲ್ಲದವರಂತೆ ಕಾಣುವುದಕ್ಕೂ, ಅವರ ಬಗ್ಗೆ ಹಾಗೆ ಮಾತಾಡುವುದಕ್ಕೂ ಇದು ಸಲ್ಲುತ್ತದೆ. ‘ಪೆಂಡೆರೆ’ಗೆ ಹಣ ಕೊಡುವುದು ಎಂಬ ಅರ್ಥವೂ ಇದೆ. ನಾಣ್ಯ ಬರುವ ಮೊದಲು ರೋಮನ್ನರು ಕಂಚಿನ ತುಂಡುಗಳನ್ನು ತೂಗಿಯೇ ಬೆಲೆ ಕಟ್ಟುತ್ತಿದ್ದರು. ಇಂಗ್ಲಿಷಿನ ‘ಪೆನ್ಷನ್’ ಕೂಡ ಅದೇ ಬೇರಿನದು.

ಈಗ ಕನ್ನಡಕ್ಕೆ ಬನ್ನಿ. “ನನ್ನ ಬಗ್ಗೆ ಹಗುರವಾಗಿ ಮಾತಾಡಬೇಡ” ಎಂಬ ಮಾತನ್ನು ಯಾವ ಜಗಳದಲ್ಲಿ ಕೇಳಿಲ್ಲ? ಹಗುರ ಎಂದರೆ ತೂಕವಿಲ್ಲದ್ದು. ಹಗುರವಾಗಿ ಕಾಣುವುದು, ಹಗುರವಾಗಿ ಮಾತಾಡುವುದು ಎರಡೂ ನಮ್ಮಲ್ಲಿವೆ. ಎದುರಿಗೆ ‘ತೂಕದ ಮಾತು’, ‘ತೂಕದ ಮನುಷ್ಯ’ ಇವೆ. ತಕ್ಕಡಿಯ ಎರಡು ತಟ್ಟೆಗಳೂ ಭಾಷೆಯಲ್ಲೇ ಇದ್ದಂತಾಯಿತು. ಇನ್ನೊಂದು ತಮಾಷೆ ನೋಡಿ: ಲ್ಯಾಟಿನ್ನಿನಲ್ಲಿ ತೂಗುವ ‘ಪೆಂಡೆರೆ’ಯ ಪಕ್ಕದಲ್ಲೇ ಜೋತಾಡುವ ಅರ್ಥದ ಸೋದರ ಪದವಿದೆ; ‘ಪೆಂಡ್ಯುಲಮ್’, ಸರ್ಕಾರಿ ಕಚೇರಿಯ ‘ಪೆಂಡಿಂಗ್’ ಬಂದದ್ದು ಅಲ್ಲಿಂದ. ಕನ್ನಡದಲ್ಲಿ ಅಕ್ಕಿ ತೂಗುವುದೂ ತೊಟ್ಟಿಲು ತೂಗುವುದೂ ಒಂದೇ ಪದ. ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ತಕ್ಕಡಿಯನ್ನು ನೋಡಿ ಒಂದೇ ರೀತಿ ಯೋಚಿಸಿವೆ. ‘ಸೂಕ್ಷ್ಮವಾದ ಪದ ಇಲ್ಲ’ವಂತೆ!

ತಪ್ಪು ಆ ಹಿರಿಯರೊಬ್ಬರದೇ ಅಲ್ಲ, ನಮ್ಮ ಬರವಣಿಗೆಯ ಕನ್ನಡದ್ದೂ ಹೌದು. ‘ಡಿಸ್ಪೈಸ್’ ಎಂದರೆ ಮೂಲದಲ್ಲಿ ಮೇಲಿನಿಂದ ಕೆಳಗೆ ನೋಡುವುದು. ನಮ್ಮ ‘ಕೀಳಾಗಿ ಕಾಣು’ ಅದೇ. ‘ಸ್ಪರ್ನ್’ ಎಂದರೆ ಮೂಲದಲ್ಲಿ ಕಾಲಿನಿಂದ ಒದೆಯುವುದು. ಬಂದ ಭಾಗ್ಯವನ್ನು ಕಾಲಲ್ಲಿ ಒದ್ದ ಎನ್ನುತ್ತೇವಲ್ಲ, ಅದೇ. ಆದರೆ ಅನುವಾದಕ್ಕೆ ಕೂತ ತಕ್ಷಣ ನಾವು ಎಲ್ಲದಕ್ಕೂ ‘ತಿರಸ್ಕರಿಸು’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಫೆಲೋಶಿಪ್ಪಿನ ಅರ್ಜಿ ವಾಪಸ್ ಬಂದರೂ ‘ತಿರಸ್ಕೃತ’, ಪ್ರೇಮಿಯೂ ‘ತಿರಸ್ಕೃತ’. ಸಂಸ್ಕೃತದಲ್ಲಿ ‘ತಿರಸ್ಕರಿಣಿ’ ಎಂದರೆ ಪರದೆ. ತಿರಸ್ಕರಿಸುವುದು ಮೂಲದಲ್ಲಿ ಮರೆಮಾಡುವುದು. ಲೇಖಕಿಯರನ್ನು ಅಡುಗೆಮನೆಯ ಪರದೆಯ ಹಿಂದೆ ಸರಿಸಿದ್ದಕ್ಕೆ ಈ ಪದ ಎಷ್ಟು ಒಪ್ಪುತ್ತಿತ್ತು! ಎಲ್ಲೆಂದರಲ್ಲಿ ಬಳಸಿ ಬಳಸಿ ಅದನ್ನು ರಬ್ಬರ್ ಸ್ಟ್ಯಾಂಪ್ ಮಾಡಿಬಿಟ್ಟಿದ್ದೇವೆ.

ನನಗೆ ಇಂಗ್ಲಿಷಿನ ಮೇಲೆ ಸಿಟ್ಟಿಲ್ಲ. ‘ವಿಲಿಪೆಂಡ್’ ಗೊತ್ತಾದದ್ದಕ್ಕೆ ಖುಷಿಯೇ. ಸಿಟ್ಟು ತಕ್ಕಡಿ ಹಿಡಿದ ಕೈಯ ಮೇಲೆ. ಒಂದು ವಸ್ತು ಅಗ್ಗವೆಂದು ವಸ್ತುವೇ ಹೇಳುವುದಿಲ್ಲ, ತೂಗುವವರು ಹೇಳುತ್ತಾರೆ. ನಮ್ಮ ಸಿನಿಮಾದ ‘ವಿಲನ್’ ಯಾರೆಂದುಕೊಂಡಿದ್ದೀರಿ? (ಅದರ ‘ವಿಲ್’ಗೂ ಈ ‘ವಿಲಿಸ್’ಗೂ ಸಂಬಂಧವಿಲ್ಲ, ಅದು ತೋಟದ ಮನೆ ಎಂಬರ್ಥದ ‘ವಿಲ್ಲಾ’ದಿಂದ ಬಂದದ್ದು.) ಮಧ್ಯಯುಗದ ಯೂರೋಪಿನಲ್ಲಿ ದೊರೆಯ ಜಮೀನಿಗೆ ಕಟ್ಟುಬಿದ್ದ ರೈತ ಅವನು. ದೊರೆಗಳ ಬಾಯಲ್ಲಿ ಹಳ್ಳಿಗನೇ ದುಷ್ಟನಾದ. ನಾವೇನು ಕಡಿಮೆ? ‘ಗಮಾರ’ದೊಳಗೆ ಕೂತಿರುವುದು ‘ಗ್ರಾಮ’ವೇ.

ಆ ಸಭೆಯಲ್ಲೂ ನಡೆದದ್ದು ಇಷ್ಟೇ. ಲೇಖಕಿಯರಿಗಾದ ಅವಮಾನಕ್ಕೆ ಮರುಗುತ್ತ ತೆಗೆದ ಪದದಿಂದಲೇ ಎದುರಿಗಿದ್ದ ಹುಡುಗಿಯನ್ನು ಹಗುರ ಮಾಡಲಾಯಿತು. ಅರ್ಥ ಗೊತ್ತಿಲ್ಲವೆಂದು ಒಪ್ಪಿಕೊಂಡವಳು ಅವಳೊಬ್ಬಳೇ. ನಕ್ಕವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ, ನನಗಂತೂ ಗೊತ್ತಿರಲಿಲ್ಲ.

ಊಟದ ಹೊತ್ತಿಗೆ ಅವಳ ಪ್ರಬಂಧ ಕೇಳಿ ಪಡೆದೆ. ಎರಡನೇ ಪುಟದಲ್ಲೇ ಬರೆದಿದ್ದಳು: ‘ಲೇಖಕಿಯರನ್ನು ಹಗುರವಾಗಿ ಕಂಡ ವಿಮರ್ಶೆ’.